ಓಡೂದು ಆಮ್ಯಾಲ, ಮೊದಲ ನಿಲ್ಲೂ ಜಾಗ ನೋಡ್ರಿ

ಕರೆಂಟಿನ ಗಾಡಿಯ ಮಾತು ಬಂತೆಂದರೆ ನಮ್ಮ ಕಡೆ ಮಂದಿ ಕೇಳುವುದು ಎರಡೇ ಪ್ರಶ್ನೆ. ‘ಒಮ್ಮೆ ಚಾರ್ಜ್ ಮಾಡಿದರ ಎಷ್ಟು ಕಿಲೋಮೀಟರ್ ಓಡ್ತೈತಿ? ಚಾರ್ಜ್ ಆಗಾಕ ಎಷ್ಟು ತಾಸು ಬೇಕು?’ ಶೋರೂಮಿನವರ ಬಾಯಲ್ಲಿ ಎರಡಕ್ಕೂ ಉತ್ತರ ತಯಾರಿರುತ್ತದೆ. ಅವರು ಸುಳ್ಳು ಹೇಳುತ್ತಾರೆಂದು ನಾನು ಅನ್ನುವುದಿಲ್ಲ. ಆದರೆ ಮೂರನೆಯ ಪ್ರಶ್ನೆಯೊಂದು ಉಳಿದುಬಿಡುತ್ತದೆ: ಗಾಡಿ ನಿಲ್ಲುವುದು ಎಲ್ಲಿ, ಅಲ್ಲಿ ಎಂಥ ಕರೆಂಟು ಐತಿ, ಎಷ್ಟು ತಾಸು ಐತಿ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಣ್ಣ ರೈತನಿಗೆ ಗಾಡಿ ಲಾಭವೋ ಲುಕ್ಸಾನೋ ಎಂಬುದನ್ನು ತೀರ್ಮಾನಿಸುವುದು ಈ ಮೂರನೆಯ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಈ ವಿಷಯ ನನಗೆ ಯಾಕೆ ಬೇಕಾಯಿತು ಎಂದರೆ, ಚಿಕ್ಕೋಡಿ ತಾಲೂಕಿನ ನಮ್ಮ ಊರಲ್ಲಿ ಏಳು ಮನೆಯವರು ಸೇರಿ ಒಂದು ಸರಕು ಗಾಡಿ ತಗೊಳ್ಳುವ ವಿಚಾರದಲ್ಲಿದ್ದೇವೆ. ಯಾರದೂ ದೊಡ್ಡ ಹಿಡುವಳಿ ಅಲ್ಲ. ನನಗೆ ಮೂರು ಎಕರೆ. ಅರ್ಧ ಕಬ್ಬು, ಉಳಿದದ್ದರಲ್ಲಿ ಟೊಮೆಟೊ, ಬದನೆ, ಕೊತ್ತಂಬರಿ. ಕಬ್ಬು ಒಯ್ಯಲು ಕಾರ್ಖಾನೆಯ ಗಾಡಿ ಬರುತ್ತದೆ. ಕಾಯಿಪಲ್ಲೆ ಒಯ್ಯಲು ಯಾರೂ ಬರುವುದಿಲ್ಲ, ಬಾಡಿಗಿ ಗಾಡಿ ಹಿಡಿಯಬೇಕು. ರೇಟು ಬಿದ್ದ ದಿನವೂ ಬಾಡಿಗಿ ಬೀಳುವುದಿಲ್ಲ. ಸ್ವಂತ ಗಾಡಿ ಇದ್ದರೆ ಆ ರೊಕ್ಕ ಮನೆಯಲ್ಲೇ ಉಳಿಯುತ್ತದೆ ಎಂಬುದು ನಮ್ಮ ಆಸೆ. ಅದರ ಎದುರಿಗೆ ಏಳು ಮನೆಯ ತಲೆ ಮೇಲೆ ಐದು ವರ್ಷದ ಹಪ್ತೆ. ಆದ್ದರಿಂದ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಗಾಡಿ, ಒಂದೇ ಚೀಲ

ನಾವು ಎದುರು-ಬದುರು ಇಟ್ಟು ನೋಡಿದ್ದು ಎರಡು ಗಾಡಿ. ಒಂದು ಟಾಟಾ ಏಸ್ ಇವಿ 1000. 2005ರಲ್ಲಿ ಬಂದ ಡೀಸೆಲ್ ಏಸ್, ಅಂದರೆ ನಮ್ಮ ಮಂದಿ ‘ಛೋಟಾ ಹಾತಿ’ ಅನ್ನುವ ಗಾಡಿಯ ವಂಶದ್ದು. ಕರೆಂಟಿನ ಏಸ್ 2022ರಲ್ಲಿ ಹೊರಬಂತು, ಒಂದು ಟನ್ ಹೊರುವ ಈ 1000 ಮಾದರಿ 2024ರ ಮೇ ತಿಂಗಳಲ್ಲಿ. ಇನ್ನೊಂದು ಮಹೀಂದ್ರ ಝಿಯೋ, 2024ರ ಅಕ್ಟೋಬರದಲ್ಲಿ ಬಂದದ್ದು. ಮೊಬೈಲಿನ ಜಿಯೋ ಬೇರೆ, ಇದು ಬೇರೆ. ಮೂರು ಗಾಲಿಯ ಕರೆಂಟಿನ ಗಾಡಿಗಳಿಗೆ ಹೋಲಿಸಿದರೆ ಇವೆರಡೂ ದೊಡ್ಡವೇ.

ಈಗ ಅಂಕಿ ನೋಡ್ರಿ. ಏಸ್ ಇವಿ 1000ರ ಬ್ಯಾಟರಿ 21.3 ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 21.3 ಯೂನಿಟ್. ಝಿಯೋದಲ್ಲಿ 18.4 ಮತ್ತು 21.3, ಎರಡು ಬಗೆ. ದೊಡ್ಡ ಬ್ಯಾಟರಿ ಹಿಡಿದರೆ ಎರಡರ ಚೀಲವೂ ಒಂದೇ ಅಳತೆಯದು. ಓಡುವ ದೂರ ಏಸಿಗೆ 161 ಕಿ.ಮೀ. ಎಂದು ಪ್ರಮಾಣಪತ್ರ. ಝಿಯೋಗೆ 160 ಎಂದು ಕಂಪನಿ ಹೇಳುತ್ತದೆ. ಒಂದು ಕಿಲೋಮೀಟರಿನ ಸಲುವಾಗಿ ಯಾರೂ ಜಗಳ ಆಡಬೇಕಾಗಿಲ್ಲ. ಎರಡಕ್ಕೂ ಬ್ಯಾಟರಿಯ ಮೇಲೆ 7 ವರ್ಷದ ವಾರಂಟಿ.

ಫರಕು ಇರುವುದು ಎರಡು ಕಡೆ. ಮೊದಲನೆಯದು ಭಾರ. ಏಸ್ 1000 ಕಿಲೋ, ಝಿಯೋ ಹೆಚ್ಚೆಂದರೆ 765 ಕಿಲೋ. 25 ಕಿಲೋದ ಟೊಮೆಟೊ ಕ್ರೇಟಿನ ಲೆಕ್ಕದಲ್ಲಿ ಒಂದರಲ್ಲಿ 40, ಇನ್ನೊಂದರಲ್ಲಿ 30. ಎರಡನೆಯದು ವೇಗದ ಚಾರ್ಜು. ಝಿಯೋಗೆ ವೇಗದ ಚಾರ್ಜರಿನಲ್ಲಿ ಒಂದು ತಾಸಿಗೆ 100 ಕಿ.ಮೀ. ಓಡುವಷ್ಟು ತುಂಬುತ್ತದೆ ಎಂದು ಕಂಪನಿಯ ಮಾತು. ಏಸಿಗೆ ನೂರಕ್ಕೆ 10ರಿಂದ 80ರ ತನಕ ತುಂಬಲು ಸುಮಾರು ಒಂದೂಮುಕ್ಕಾಲು ತಾಸು. ಒಬ್ಬರು ಕಿಲೋಮೀಟರಿನಲ್ಲಿ ಹೇಳುತ್ತಾರೆ, ಇನ್ನೊಬ್ಬರು ನೂರರ ಪಾಲಿನಲ್ಲಿ. ನಾವು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕು. 161ರಲ್ಲಿ ನೂರಕ್ಕೆ 70 ಪಾಲು ಎಂದರೆ 113 ಕಿ.ಮೀ. ಅದನ್ನು ಒಂದೂಮುಕ್ಕಾಲು ತಾಸಿಗೆ ಹಂಚಿದರೆ ತಾಸಿಗೆ ಸುಮಾರು 64 ಕಿ.ಮೀ. ಅಂದರೆ ಒಂದು ತಾಸು ನಿಂತರೆ ಝಿಯೋ 100, ಏಸ್ 64. ಈ ಮಾತಿನಲ್ಲಿ ಝಿಯೋ ಮುಂದೆ, ಭಾರದ ಮಾತಿನಲ್ಲಿ ಏಸ್ ಮುಂದೆ.

160 ಎಂಬ ಅಂಕಿಯನ್ನು ಹೇಗೆ ಓದಬೇಕು

ಪ್ರಮಾಣಪತ್ರದ ಕಿಲೋಮೀಟರ್ ಎಂದರೆ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅಳೆದದ್ದು. ಎಲ್ಲ ಗಾಡಿಗೂ ಒಂದೇ ಅಳತೆಗೋಲು ಇರಲಿ ಎಂದು ಮಾಡಿದ ವ್ಯವಸ್ಥೆ ಅದು. ಹೋಲಿಸಲು ಉಪಯೋಗ, ದಾರಿ ಲೆಕ್ಕಕ್ಕೆ ಅಷ್ಟು ಉಪಯೋಗವಿಲ್ಲ. ಉರುಳೆಯ ಮೇಲೆ ತವಂದಿ ಘಾಟು ಇಲ್ಲ, ಕಬ್ಬಿನ ಟ್ರ್ಯಾಕ್ಟರ್ ಕಿತ್ತಿಟ್ಟ ರಸ್ತೆ ಇಲ್ಲ.

ಭಾರ ತುಂಬಿದರೆ ಕರೆಂಟು ಹೆಚ್ಚು ಹೋಗುತ್ತದೆ. ಏರಿನಲ್ಲಿ ಇನ್ನೂ ಹೆಚ್ಚು. ಇಳಿಯುವಾಗ ಮೋಟರೇ ಜನರೇಟರಿನಂತೆ ಕೆಲಸ ಮಾಡಿ ಸ್ವಲ್ಪ ಕರೆಂಟು ಬ್ಯಾಟರಿಗೆ ಮರಳಿಸುತ್ತದೆ, ಆದರೆ ಏರಿಗೆ ಖರ್ಚಾದದ್ದೆಲ್ಲ ತಿರುಗಿ ಬರುವುದಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಬಿಟ್ಟರೆ ಗಾಳಿಯ ತಡೆಗೇ ಬಹಳಷ್ಟು ಹೋಗುತ್ತದೆ. ವರ್ಷ ಕಳೆದಂತೆ ಬ್ಯಾಟರಿ ಹಿಡಿಯುವ ಪ್ರಮಾಣವೂ ಇಳಿಯುತ್ತದೆ.

ಇವೆಲ್ಲ ಸೇರಿಸಿ ನಾನು ಇಟ್ಟುಕೊಂಡ ಲೆಕ್ಕ ಸರಳ: ಕಾಗದದ ಮೇಲಿನ ದೂರವನ್ನು ಮೂರು ಪಾಲು ಮಾಡಿ ಎರಡು ಪಾಲನ್ನು ಮಾತ್ರ ನಂಬಬೇಕು. 160ರಲ್ಲಿ ಸುಮಾರು 107. ಚಲೋ ರಸ್ತೆಯಲ್ಲಿ ಸಾವಕಾಶ ಓಡಿಸಿದರೆ ಇದಕ್ಕಿಂತ ಜಾಸ್ತಿ ಸಿಕ್ಕೀತು. ಸಿಕ್ಕರೆ ಲಾಭ, ಅದನ್ನು ನಂಬಿ ಸಾಲ ಮಾಡಬಾರದು.

ಮಳೆಗಾಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಕೃಷ್ಣೆ, ದೂಧಗಂಗಾ ತುಂಬಿದಾಗ ಕಲ್ಲೋಳ-ಯಡೂರ, ಕುಡಚಿ-ಉಗಾರ ಸೇತುವೆಗಳ ಮೇಲೆ ನೀರು ಬರುವುದು ನಮಗೆ ಹೊಸತಲ್ಲ. 2019ರ ಆಗಸ್ಟ್ ಯಾರೂ ಮರೆತಿಲ್ಲ. ಸೇತುವೆ ಮುಳುಗಿದರೆ ಸುತ್ತಿ ಹೋಗಬೇಕು. ಡೀಸೆಲ್ ಗಾಡಿಯವ ದಾರಿಯಲ್ಲಿ ಪಂಪಿಗೆ ನಿಲ್ಲುತ್ತಾನೆ. ಕರೆಂಟಿನ ಗಾಡಿಯವ ಹೊರಡುವ ಮೊದಲೇ 20-25 ಕಿ.ಮೀ. ಕೈಯಲ್ಲಿ ಇಟ್ಟುಕೊಂಡು ಹೊರಡಬೇಕು.

ನಮ್ಮ ದಾರಿಗಳು

107 ಎಂಬ ಅಳತೆಗೋಲನ್ನು ನಮ್ಮ ಐದು ತಾಲೂಕಿನ ಮೇಲೆ ಇಟ್ಟು ನೋಡೋಣ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಸುಮಾರು 25 ಕಿ.ಮೀ. ಹೋಗಿ ಬಂದರೆ 50. ಇಂಥ ಎರಡು ಸರತಿ ಆಗುತ್ತದೆ. ಕಾಗವಾಡದಿಂದ ಮಿರಜ ಇನ್ನೂ ಸಮೀಪ, ಅವರಿಗೆ ದೂರದ ಚಿಂತೆಯೇ ಇಲ್ಲ. ರಾಯಬಾಗದಿಂದ ಮಿರಜಕ್ಕೆ 50ರ ಆಸುಪಾಸು, ಅಥಣಿಯಿಂದ ಮಿರಜಕ್ಕೆ 55ರ ಆಸುಪಾಸು. ಹೋಗಿ ಬರಲು 100-110. ನಮ್ಮ ಅಳತೆಯ ಅಂಚಿಗೆ ಬಂತು. ಬರುವಾಗ ಗಾಡಿ ಖಾಲಿ ಇರುವುದರಿಂದ ದಾಟುತ್ತದೆ. ಆದರೆ ಸಾಂಗಲಿಗೆ ಮುಂದುವರಿದರೆ, ಇಲ್ಲವೇ ಸೇತುವೆ ಮುಳುಗಿದ್ದರೆ, ದಾರಿಯಲ್ಲಿ ಸ್ವಲ್ಪ ಚಾರ್ಜು ಬೇಕು.

ಚಿಕ್ಕೋಡಿಯಿಂದ ನಿಪ್ಪಾಣಿ ಮೇಲೆ ಕೊಲ್ಲಾಪುರಕ್ಕೆ ಸುಮಾರು 65, ಹೋಗಿ ಬರಲು 130. ಬೆಳಗಾವಿಗೆ ಸುಮಾರು 75, ಹೋಗಿ ಬರಲು 150. ಕಾಗದದ ಮೇಲೆ ಎರಡೂ 160ರ ಒಳಗೇ ಇವೆ. ಶೋರೂಮಿನಲ್ಲಿ ‘ಆರಾಮ ಹೋಗಿ ಬರ್ತೈತ್ರಿ’ ಅನ್ನುವುದು ಇದೇ ಲೆಕ್ಕದ ಮೇಲೆ. ನಮ್ಮ ಲೆಕ್ಕದಲ್ಲಿ ಎರಡೂ ಹೊರಗೆ. ಅಲ್ಲಿ ಒಂದು ತಾಸು ಚಾರ್ಜು ಮಾಡದೆ ತಿರುಗಬಾರದು. ಅಥಣಿಯಿಂದ ಬೆಳಗಾವಿಗೆ ಒಂದು ಕಡೆಗೇ 140ರ ಹತ್ತಿರ. ಅಂಥ ದಾರಿಯವರಿಗೆ ಇವೆರಡರಲ್ಲಿ ಯಾವ ಗಾಡಿಯೂ ಸದ್ಯಕ್ಕೆ ಬೇಡ ಎಂದೇ ನಾನು ಹೇಳುವುದು. ಅವರಿಗೆ ಡೀಸೆಲ್ಲೇ ಯೋಗ್ಯ.

ಗಡಿ ದಾಟುವವರಿಗೆ ಒಂದು ಅನುಕೂಲ ಹೇಳಲೇಬೇಕು. ಬ್ಯಾಟರಿಯಿಂದ ಓಡುವ ಬಾಡಿಗೆ ಮತ್ತು ಸರಕು ಗಾಡಿಗಳಿಗೆ ಪರ್ಮಿಟ್ ಬೇಡ ಎಂದು ಕೇಂದ್ರ ಸರಕಾರ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಮಿರಜ, ಕೊಲ್ಲಾಪುರ ನಮ್ಮ ನಿತ್ಯದ ಪೇಟೆಗಳಾದ್ದರಿಂದ ಇದು ಸಣ್ಣ ಮಾತಲ್ಲ. ವಿಮೆ, ಫಿಟ್‌ನೆಸ್, ಲೈಸೆನ್ಸು ಮಾತ್ರ ಇರಲೇಬೇಕು.

ಊರ ಮನೆಯೋ ತೋಟದ ಮನೆಯೋ

ಈಗ ಅಸಲು ಮಾತಿಗೆ ಬರುತ್ತೇನೆ. 15 ಆಂಪಿಯರಿನ ಮನೆಯ ಸಾಕೆಟ್ಟಿನಿಂದ ಸರಿಯಾದ 230 ವೋಲ್ಟಿನಲ್ಲಿ ತಾಸಿಗೆ ಹೆಚ್ಚುಕಡಿಮೆ 3.3 ಯೂನಿಟ್ ಎಳೆಯಬಹುದು. ಬ್ಯಾಟರಿ 21.3 ಯೂನಿಟ್‌ನದು. ಚಾರ್ಜು ಆಗುವಾಗ ಹತ್ತರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆಂದು ಹಿಡಿದರೆ ಮೀಟರಿನಲ್ಲಿ ಸುಮಾರು 24 ಯೂನಿಟ್ ಓಡುತ್ತದೆ. ಪೂರ್ತಿ ತುಂಬಲು ಏಳು ತಾಸಿನ ಮೇಲೆ. ಸಾಲಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕೆಲಸಕ್ಕೆ ಒಂಬತ್ತು ತಾಸು ದಾಟುತ್ತದೆ.

ಪೇಟೆಗೆ ಹೋಗುವ ಗಾಡಿ ನಸುಕಿನ ಮೂರಕ್ಕೋ ನಾಲ್ಕಕ್ಕೋ ಹೊರಟು ಮಧ್ಯಾಹ್ನದೊಳಗೆ ಮನೆಗೆ ಬರುತ್ತದೆ. ಒಂದೇ ಸರತಿಯ ದಂಧೆ ಆದರೆ ಮುಂದಿನ ನಸುಕಿನ ತನಕ ಹದಿನಾಲ್ಕು-ಹದಿನೈದು ತಾಸು ನಿಂತಿರುತ್ತದೆ. ನಡುವೆ ಎರಡು-ಮೂರು ತಾಸು ಕರೆಂಟು ಹೋದರೂ ತುಂಬಿಕೊಳ್ಳುತ್ತದೆ. ಇಲ್ಲಿ ವೇಗದ ಚಾರ್ಜಿಗೆ ಕೆಲಸವೇ ಇಲ್ಲ. ಸಾವಕಾಶ ತುಂಬುವುದು ಬ್ಯಾಟರಿಗೂ ಹಿತ.

ಆದರೆ ನಮ್ಮ ಭಾಗದಲ್ಲಿ ಬಹಳ ಮಂದಿ ಇರುವುದು ತೋಟದ ವಸ್ತಿಯಲ್ಲಿ. ನಿರಂತರ ಜ್ಯೋತಿಯಲ್ಲಿ ಊರಿನ ಲೈನು, ಪಂಪಿನ ಲೈನು ಬೇರೆ ಬೇರೆ ಆದ ಮೇಲೆ ಊರ ಮನೆಗೆ ಕರೆಂಟಿನ ತ್ರಾಸು ಕಡಿಮೆ ಆಯಿತು. ಪಂಪಿನ ಲೈನಿಗೆ ಇರುವುದು ದಿನಕ್ಕೆ ಏಳು ತಾಸು ಮೂರು ಫೇಸ್ ಎಂಬ ಲೆಕ್ಕ, ಅದೂ ಸರತಿಯ ಮೇಲೆ. ಅದೇ ಲೈನಿನ ಮೇಲಿರುವ ತೋಟದ ಮನೆಯವರು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ‘ರಾತ್ರಿ ಚಾರ್ಜ್ ಆಗ್ತೈತಿ’ ಎಂದು ಮಲಗಿದರೆ, ನಸುಕಿನಲ್ಲಿ ಕೊತ್ತಂಬರಿ ಗಾಡಿ ಮೇಲೆ, ಗಾಡಿ ಅಂಗಳದಲ್ಲಿ. ಕೊತ್ತಂಬರಿ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಗಾಡಿ ರಾತ್ರಿ ನಿಲ್ಲುವುದು ಊರ ಮನೆಯಲ್ಲಿರಬೇಕು. ಏಳು ಮನೆಯ ಗಾಡಿಯಾದರೆ, ಯಾವ ಮನೆಯ ಲೈನು ಗಟ್ಟಿಯೋ ಆ ಮನೆಯ ಮುಂದೆ ನಿಲ್ಲಬೇಕು. ಗಾಡಿ ಆರಿಸುವ ಮೊದಲು ಆ ಮನೆಯನ್ನು ಆರಿಸಬೇಕು. ಒಂದು ವಾರ ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ, ನಸುಕಿನ ಮೂರಕ್ಕೆ ವೋಲ್ಟೇಜ್ ಬರೆದಿಡ್ರಿ. ಈ ಚೀಟಿ ಶೋರೂಮಿನ ಬಣ್ಣದ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ.

ಸಾಕೆಟ್ಟಿಗೆ ಬೇರೆ ದಪ್ಪ ವಾಯರು, ಬೇರೆ ಎಂಸಿಬಿ, ಚಲೋ ಅರ್ಥಿಂಗ್ ಬೇಕು. ಏಳೆಂಟು ತಾಸು ಒಂದೇ ಸಮನೆ ಕರೆಂಟು ಎಳೆಯುವಾಗ ಎಕ್ಸ್‌ಟೆನ್ಶನ್ ಬೋರ್ಡು ಕಾಯ್ದು ಕರಗುತ್ತದೆ. ಕಣಿಕೆ ಬಣವೆಯ ಪಕ್ಕ, ದನದ ಕೊಟ್ಟಿಗೆಯ ಒಳಗೆ ಚಾರ್ಜು ಮಾಡಲೇಬಾರದು.

ಫುಕಟ್ ಕರೆಂಟಿನ ಮಾತು

‘ಗೃಹ ಜ್ಯೋತಿ ಐತಲ್ಲ, ಕರೆಂಟು ಫುಕಟ್, ಇನ್ನೇನು ಖರ್ಚು?’ ಎಂದು ನಮ್ಮ ಏಳು ಮಂದಿಯಲ್ಲೇ ಒಬ್ಬರು ಕೇಳಿದರು. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿಯ ಮೇಲೆ ಒಂದು ಮಿತಿ, ಒಟ್ಟು 200 ಯೂನಿಟ್‌ನ ಗಡಿ. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗಾಡಿಗೆ ಒಮ್ಮೆಗೆ 24 ಯೂನಿಟ್. ಎಂಟು ಸಲ ತುಂಬಿಸಿದರೆ 192. ಒಂಬತ್ತನೆಯ ದಿನ ಮನೆಯ ದೀಪದ ರಿಯಾಯಿತಿಯೂ ಹೋಯಿತು. 10 ಎಚ್‌ಪಿ ತನಕದ ಪಂಪಿಗೆ ಕೊಡುವ ಕರೆಂಟು ನೀರೆತ್ತಲು ಕೊಟ್ಟದ್ದು. ಅದರಿಂದ ಗಾಡಿ ತುಂಬಿಸುವ ಯೋಚನೆ ಯಾರೂ ಮಾಡಬಾರದು. ಒಬ್ಬ ಹಿಡಿದುಬಿದ್ದರೆ ಎಲ್ಲ ರೈತರ ಹೆಸರು ಕೆಡುತ್ತದೆ.

ಮನೆಯ ಮೀಟರಿನಿಂದ ಗಾಡಿ ಚಾರ್ಜು ಮಾಡಲು ಅಡ್ಡಿಯಿಲ್ಲ. ಆದರೂ ಪಾಲುದಾರಿಕೆಯ ಗಾಡಿಗೆ ಹೆಸ್ಕಾಂ ಕಚೇರಿಗೆ ಹೋಗಿ, ಗಾಡಿ ಚಾರ್ಜಿಗೆಂದೇ ಇರುವ ದರದಲ್ಲಿ ಬೇರೆ ಮೀಟರು ಕೇಳುವುದು ಒಳ್ಳೆಯದು. ಏಳು ಮನೆಯ ನಡುವೆ ಲೆಕ್ಕದ ತಕರಾರೂ ಬರುವುದಿಲ್ಲ.

ಫುಕಟ್ ಅಲ್ಲದಿದ್ದರೂ ಅಗ್ಗವಂತೂ ಹೌದು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 24 ಯೂನಿಟ್ಟಿಗೆ 144 ರೂ. ನಮ್ಮ 107 ಕಿ.ಮೀ. ಲೆಕ್ಕದಲ್ಲಿ ಕಿಲೋಮೀಟರಿಗೆ 1 ರೂ. 35 ಪೈಸೆ. ಡೀಸೆಲ್ ಲೀಟರಿಗೆ 90 ರೂ., ಭಾರ ತುಂಬಿದ ಸಣ್ಣ ಗಾಡಿ 16 ಕಿ.ಮೀ. ಕೊಡುತ್ತದೆಂದು ಹಿಡಿದರೆ 5 ರೂ. 60 ಪೈಸೆ. ದಿನಕ್ಕೆ 100 ಕಿ.ಮೀ. ಓಡಿದರೆ 400 ರೂಪಾಯಿಯ ಮೇಲೆ ಉಳಿತಾಯ. ದಿನಕ್ಕೆ 20 ಕಿ.ಮೀ. ಮಾತ್ರ ಓಡುವ ಗಾಡಿಯಾದರೆ 85 ರೂಪಾಯಿ, ಅದರಲ್ಲಿ ಹಪ್ತೆ ಏಳುವುದಿಲ್ಲ. ಹೆದ್ದಾರಿಯ ವೇಗದ ಚಾರ್ಜರುಗಳಲ್ಲಿ ಯೂನಿಟ್ ದರ ಮನೆಯ ದರದ ಎರಡು-ಮೂರು ಪಟ್ಟು ಇರುತ್ತದೆ. ನಿತ್ಯ ಅಲ್ಲಿಯೇ ತುಂಬಿಸುವವನ ಉಳಿತಾಯ ಅರ್ಧಕ್ಕೆ ಬರುತ್ತದೆ.

ಸಬ್ಸಿಡಿ ಆಸೆಯೂ ಬೇಡ. 2024ರ ಅಕ್ಟೋಬರದಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎರಡು ಗಾಲಿ, ಮೂರು ಗಾಲಿ, ಬಸ್ಸು, ಲಾರಿಗಳಿಗೆ ಪಾಲು ಇಟ್ಟಿದ್ದರು. ಈ ಅಳತೆಯ ನಾಲ್ಕು ಗಾಲಿಯ ಸರಕು ಗಾಡಿ ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ನೇರ ಹೇಳುತ್ತೇನೆ. ಹೋಗಿ ಬರುವ ದಾರಿ 100 ಕಿ.ಮೀ. ಒಳಗೆ, ದಿನಕ್ಕೆ ಒಂದು ಸರತಿ, ಊರಲ್ಲಿ ಗಟ್ಟಿ ಲೈನು ಇದ್ದರೆ, ವೇಗದ ಚಾರ್ಜಿನ ಮಾತಿಗೆ ಮರುಳಾಗಬೇಡ್ರಿ. ಭಾರ ನೋಡ್ರಿ. ಟೊಮೆಟೊ, ಉಳ್ಳಾಗಡ್ಡಿ, ಬದನೆ ಒಯ್ಯುವವರಿಗೆ ಒಂದು ಟನ್ ಹೊರುವ ಏಸ್ ಇವಿ 1000 ಹೊಂದುತ್ತದೆ. ಹತ್ತು ಕ್ರೇಟು ಹೆಚ್ಚು ಎಂದರೆ ದಿನಕ್ಕೆ ಎರಡೂವರೆ ಕ್ವಿಂಟಲ್. ಸೊಪ್ಪು, ಹೂವು ಒಯ್ಯುವವರಿಗೆ ಭಾರಕ್ಕಿಂತ ಜಾಗ ಮೊದಲು ಮುಗಿಯುತ್ತದೆ, ಅವರಿಗೆ 765 ಕಿಲೋ ಸಾಕು. ಕೊಲ್ಲಾಪುರ, ಬೆಳಗಾವಿ ಕಡೆ ನಿತ್ಯ ಹೋಗುವವರು, ಅಥವಾ ಮಧ್ಯಾಹ್ನದ ಮೇಲೆ ಬಾಡಿಗಿಗೆ ಎರಡನೆಯ ಸರತಿ ಬಿಡುವವರು ಝಿಯೋ ಕಡೆ ನೋಡಬೇಕು. ಸವಾಲು ಮುಗಿದು ಪಟ್ಟಿ ಕೈಗೆ ಬರುವ ಒಂದು ತಾಸಿನಲ್ಲಿ ಅದು ನಮ್ಮ ಲೆಕ್ಕದ 67 ಕಿ.ಮೀ. ಗಳಿಸಿಕೊಳ್ಳುತ್ತದೆ, ಏಸ್ 43. ಕೊಲ್ಲಾಪುರದಿಂದ ಚಿಕ್ಕೋಡಿಗೆ ಮರಳಲು ಬೇಕಾದದ್ದು ಸುಮಾರು 65. ಆದರೆ ಆ ಚಾರ್ಜರು ಪೇಟೆಯಿಂದ ಎಷ್ಟು ದೂರ, ನಮ್ಮ ಗಾಡಿಯ ಬಾಯಿಗೆ ಅದರ ಪ್ಲಗ್ಗು ಕೂಡುತ್ತದೋ ಇಲ್ಲವೋ, ಮುಂಜಾನೆ ಐದಕ್ಕೆ ಅದು ನಡೆಯುತ್ತಿರುತ್ತದೋ ಎಂಬುದನ್ನು ಕಣ್ಣಾರೆ ನೋಡಿ ಬಂದ ಮೇಲೆ ಸಹಿ ಹಾಕಬೇಕು.

ನಮ್ಮ ಏಳು ಮನೆಯ ದಾರಿ ಹೆಚ್ಚಾಗಿ ನಿಪ್ಪಾಣಿಯದು, ವಾರಕ್ಕೆರಡು ದಿನ ಕೊಲ್ಲಾಪುರದ್ದು. ಆ ಎರಡು ದಿನಕ್ಕಾಗಿ ಐದು ದಿನದ ಭಾರ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಏಸ್ ತಗೊಂಡು, ಕೊಲ್ಲಾಪುರದ ದಿನ ಒಂದೂವರೆ ತಾಸು ಹೆಚ್ಚು ನಿಂತು ಬರೋಣ ಎಂದು ಮಂದಿಗೆ ಹೇಳಿದ್ದೇನೆ. ಅದಕ್ಕೂ ಮೊದಲು ಊರೊಳಗೆ ಬೇರೆ ಮೀಟರು ಕೂಡಬೇಕು. ಮೀಟರು ಕೂಡದಿದ್ದರೆ ಗಾಡಿಯೂ ಬೇಡ ಎಂದು ಕರಾರು.

ಕೊನೆಗೆ ಒಂದು ಬೇಡಿಕೆ. ಚಾರ್ಜಿಂಗ್ ಸ್ಟೇಶನ್ನುಗಳೆಂದರೆ ಕಾರಿನವರ ಸಲುವಾಗಿ ಹೋಟೆಲಿನ ಮುಂದೆ ಹಾಕುವಂಥವು ಎಂದಾಗಿದೆ. ನಮ್ಮ ಗಾಡಿ ಹಗಲಲ್ಲಿ ನಿಲ್ಲುವುದು ಎಪಿಎಂಸಿ ಅಂಗಳದಲ್ಲಿ. ಪಿಎಂ ಇ-ಡ್ರೈವ್‌ನಲ್ಲಿ ಸಾರ್ವಜನಿಕ ಚಾರ್ಜರುಗಳಿಗೆಂದೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಅದರಲ್ಲಿ ನಿಪ್ಪಾಣಿ, ಅಥಣಿ, ರಾಯಬಾಗದ ಮಾರುಕಟ್ಟೆ ಅಂಗಳಗಳಿಗೆ ಎರಡೆರಡು ಚಾರ್ಜರು ಕೇಳುವುದು ಹೆಚ್ಚಿನ ಆಸೆ ಆಗಲಾರದು. ಸವಾಲು ನಡೆಯುವ ಎರಡು ತಾಸಿನಲ್ಲಿ ಗಾಡಿ ತುಂಬಿದರೆ, 107 ಕಿ.ಮೀ. ಗಾಡಿ 200 ಕಿ.ಮೀ. ಗಾಡಿ ಆಗುತ್ತದೆ, ಸಾಲ ಹೆಚ್ಚದೆ. ಎಪಿಎಂಸಿ ಸಭೆಗೆ ಹೋಗುವ ರೈತ ಬಾಂಧವರು ಈ ಮಾತನ್ನು ಬರೆದು ಕೊಡಬೇಕು. ಬಾಯಿಮಾತು ದಫ್ತರಕ್ಕೆ ಸೇರುವುದಿಲ್ಲ.

ಈಗಾಗಲೇ ಕರೆಂಟಿನ ಗಾಡಿ ತಗೊಂಡು ಕಾಯಿಪಲ್ಲೆ, ಹಾಲು, ದ್ರಾಕ್ಷಿ ಒಯ್ಯುತ್ತಿರುವವರು ನಮ್ಮ ಭಾಗದಲ್ಲಿ ಇದ್ದರೆ ಪತ್ರಿಕೆಗೆ ಬರೆಯಿರಿ. ಎಷ್ಟು ಕಿಲೋ ಹೇರಿದಾಗ, ಯಾವ ದಾರಿಯಲ್ಲಿ, ಎಷ್ಟು ಯೂನಿಟ್ಟಿಗೆ ಎಷ್ಟು ಕಿ.ಮೀ. ಓಡಿತು ಎಂಬ ನಾಲ್ಕು ಅಂಕಿ ಸಾಕು. ನನ್ನ ‘ಮೂರರಲ್ಲಿ ಎರಡು ಪಾಲು’ ಲೆಕ್ಕ ಬಿಗಿಯಾಯಿತೋ ಸಡಿಲಾಯಿತೋ ಎಂಬುದು ಅದರಿಂದಲೇ ತಿಳಿಯಬೇಕು.